ನಂಬಿಕೆಗೂ ಕ್ರಿಯೆಗೂ ನಡುವಿನ ವರ್ಷಗಳು

ಸತ್ಯವೇದದ ಅಧ್ಯಯನಕ್ಕೆ ಕೂತ ಯಾವ ಗುಂಪಿನಲ್ಲೂ ಒಂದಲ್ಲ ಒಂದು ದಿನ ಎರಡು ವಚನಗಳು ಎದುರುಬದುರು ಬಂದು ನಿಲ್ಲುತ್ತವೆ. ಧರ್ಮಶಾಸ್ತ್ರದ ಕ್ರಿಯೆಗಳಿಲ್ಲದೆ ನಂಬಿಕೆಯಿಂದಲೇ ಮನುಷ್ಯನು ನೀತಿವಂತನೆಂದು ನಿರ್ಣಯ ಹೊಂದುತ್ತಾನೆ ಎಂಬುದು ಪೌಲನು ರೋಮಾಪುರದವರಿಗೆ ಬರೆದ ಪತ್ರದ 3ನೇ ಅಧ್ಯಾಯದ ಮಾತು. ನೀತಿವಂತನೆಂಬ ನಿರ್ಣಯ ಬರಿಯ ನಂಬಿಕೆಯಿಂದಲ್ಲ, ಕ್ರಿಯೆಗಳಿಂದ ಆಗುತ್ತದೆ ಎಂಬುದು ಯಾಕೋಬನ ಪತ್ರದ 2ನೇ ಅಧ್ಯಾಯದ ಮಾತು. ಸಾಲದ್ದಕ್ಕೆ ಇಬ್ಬರೂ ಸಾಕ್ಷಿಗೆ ಕರೆಯುವುದು ಒಬ್ಬನೇ ಮನುಷ್ಯನನ್ನು, ಅಬ್ರಹಾಮನನ್ನು. ಯಾರಿಗೂ ಏನು ಹೇಳಬೇಕೆಂದು ತೋಚದಿದ್ದಾಗ ಒಬ್ಬರು ಸಮಾಧಾನಕ್ಕೆಂದು, ಎರಡೂ ಬೇಕು, ಸ್ವಲ್ಪ ನಂಬಿಕೆ ಸ್ವಲ್ಪ ಸತ್ಕ್ರಿಯೆ ಎಂದು ಹೇಳಿ ಪುಟ ತಿರುಗಿಸುತ್ತಾರೆ.

ಆ ಉತ್ತರವನ್ನು ಎಲ್ಲರೂ ಒಪ್ಪಿಬಿಡಬಹುದು, ಆದರೆ ಪೌಲನು ಒಪ್ಪುತ್ತಿರಲಿಲ್ಲ, ಯಾಕೋಬನೂ ಒಪ್ಪುತ್ತಿರಲಿಲ್ಲ. ರಕ್ಷಣೆಯನ್ನು ಪಾಲು ಮಾಡಿ, ಇಷ್ಟು ಭಾಗ ದೇವರ ಕೃಪೆ, ಇಷ್ಟು ಭಾಗ ನನ್ನ ದುಡಿಮೆ ಎಂದು ಲೆಕ್ಕ ಹಾಕಿದವನಿಗೆ, ತನ್ನ ಪಾಲು ಸಾಕಾಯಿತೇ ಎಂಬ ಪ್ರಶ್ನೆಗೆ ಸಾಯುವವರೆಗೂ ಉತ್ತರ ಸಿಗುವುದಿಲ್ಲ. ಸಿಕ್ಕಿತೆಂದು ಅಂದುಕೊಂಡವನ ಸ್ಥಿತಿಯಂತೂ ಇನ್ನೂ ಕೆಟ್ಟದ್ದು, ಏಕೆಂದರೆ ಅವನು ದೇವಾಲಯದಲ್ಲಿ ನಿಂತು ತನ್ನ ಉಪವಾಸಗಳನ್ನೂ ದಶಮಾಂಶವನ್ನೂ ಎಣಿಸಿ ಹೇಳಿದ, ಯೇಸುವಿನ ಸಾಮ್ಯದ ಆಚಾರನಿಷ್ಠ ಫರಿಸಾಯನ ಪಕ್ಕದಲ್ಲಿ ಹೋಗಿ ನಿಲ್ಲುತ್ತಾನೆ. ಈ ಎರಡು ವಚನಗಳನ್ನು ಬೆರೆಸಿ ತೆಳುಮಾಡುವುದಕ್ಕಿಂತ, ಪ್ರತಿಯೊಂದನ್ನೂ ಅದರ ಪೂರ್ಣ ಬಲದಲ್ಲಿ ಕೇಳಿಸಿಕೊಳ್ಳುವುದು ಮೇಲು ಎಂದು ನಾನು ನಂಬಿದ್ದೇನೆ. ಹಾಗೆ ಕೇಳಿಸಿಕೊಳ್ಳಬೇಕಾದರೆ ಅವರು ಯಾರೊಡನೆ ಮಾತನಾಡುತ್ತಿದ್ದರು, ಅಬ್ರಹಾಮನ ಬದುಕಿನ ಯಾವ ದಿನವನ್ನು ತೋರಿಸುತ್ತಿದ್ದರು ಎಂಬುದನ್ನು ಮೊದಲು ನೋಡಬೇಕು.

ಪೌಲನ ಎದುರಿಗಿದ್ದ ಜಗಳ ಊಟದ ಪಂಕ್ತಿಯದು. ಕ್ರಿಸ್ತನನ್ನು ನಂಬಿದ ಅನ್ಯಜನರು, ಅಂದರೆ ಯೆಹೂದ್ಯರಲ್ಲದವರು, ಸುನ್ನತಿ ಮಾಡಿಸಿಕೊಂಡು ಮೋಶೆಯ ಧರ್ಮಶಾಸ್ತ್ರದ ನೊಗಕ್ಕೆ ಹೆಗಲು ಕೊಡದ ಹೊರತು ಅವರು ಪೂರ್ತಿ ದೇವಜನರಲ್ಲ ಎಂದು ಬೋಧಿಸುವವರು ಗಲಾತ್ಯದ ಸಭೆಗಳಿಗೆ ಬಂದಿದ್ದರು. ಅಂತಿಯೋಕ್ಯದಲ್ಲಿ ಕೇಫನು, ಅಂದರೆ ಪೇತ್ರನು, ಮೊದಲು ಅನ್ಯಜನರೊಂದಿಗೆ ಊಟಮಾಡುತ್ತಿದ್ದವನು, ಯಾಕೋಬನ ಕಡೆಯಿಂದ ಕೆಲವರು ಬಂದ ಕೂಡಲೇ ಭಯಪಟ್ಟು ಎದ್ದು ದೂರವಾದನು. ಪೌಲನು ಎಲ್ಲರ ಮುಂದೆ ಅವನನ್ನು ಖಂಡಿಸಿದ್ದು ಗಲಾತ್ಯದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿದೆ; ಕ್ರಿಯೆಗಳಿಂದ ಯಾರೂ ನೀತಿವಂತರಾಗುವುದಿಲ್ಲ ಎಂಬ ಪ್ರಸಿದ್ಧ ಮಾತು ಬರುವುದು ಆ ಖಂಡನೆಯ ಬೆನ್ನಲ್ಲೇ. ನಾವು ಆ ವಚನವನ್ನು ಎತ್ತಿಕೊಂಡು ಬಂದು ಸಿದ್ಧಾಂತದ ಪುಸ್ತಕದಲ್ಲಿ ಇಟ್ಟಿದ್ದೇವೆ, ಅದು ಹುಟ್ಟಿದ ಪಂಕ್ತಿಯನ್ನು ಮರೆತಿದ್ದೇವೆ.

ಯಾಕೋಬನ ಎದುರಿಗಿದ್ದದ್ದು ಆಸನದ ಜಗಳ. ಬಂಗಾರದ ಉಂಗುರ ತೊಟ್ಟು ಹೊಳೆಯುವ ಬಟ್ಟೆ ಉಟ್ಟವನು ಸಭೆಗೆ ಬಂದರೆ ಒಳ್ಳೆಯ ಜಾಗ ತೋರಿಸುತ್ತೀರಿ, ಕೊಳಕು ಬಟ್ಟೆಯ ಬಡವನಿಗೆ ಅಲ್ಲಿ ನಿಂತುಕೋ ಅಥವಾ ನನ್ನ ಕಾಲ ಬಳಿ ಕೂತುಕೋ ಎನ್ನುತ್ತೀರಿ ಎಂದು ಅವನು 2ನೇ ಅಧ್ಯಾಯವನ್ನು ಆರಂಭಿಸುತ್ತಾನೆ. ಬಟ್ಟೆಯಿಲ್ಲದೆ, ಆ ದಿನದ ಊಟವಿಲ್ಲದೆ ಬಂದವರಿಗೆ, ಸುಖವಾಗಿ ಹೋಗಿ, ಬೆಚ್ಚಗಿರಿ, ಹೊಟ್ಟೆ ತುಂಬಿಸಿಕೊಳ್ಳಿ ಎಂದು ಹೇಳಿ ಕೈ ಬೀಸಿ ಕಳುಹಿಸುವ ವಿಶ್ವಾಸಿಯ ಚಿತ್ರ ಬರುವುದು ಅದಾದ ಮೇಲೆ. ಗಮನಿಸಿ ನೋಡಿದರೆ, ವಿರೋಧಿಗಳೆಂದು ನಾವು ಎಣಿಸಿದ ಈ ಇಬ್ಬರೂ ಸಿಟ್ಟಾದದ್ದು ಒಂದೇ ಬಗೆಯ ಪಾಪಕ್ಕೆ. ಕ್ರಿಸ್ತನು ಒಳಗೆ ಕರೆದವನನ್ನು ಸಭೆಯು ಹೊರಗಿನವನಂತೆ ಕಂಡಾಗ ಒಬ್ಬನು ಊಟದ ಮೇಜಿನ ಬಳಿ ಸಿಟ್ಟಾದನು, ಇನ್ನೊಬ್ಬನು ಆಸನದ ಬಳಿ. ಪೌಲನು ಹೋರಾಡಿದ್ದು ನಮ್ಮ ಆಚಾರಗಳೇ ನಮಗೆ ಅರ್ಹತೆಯಾಗುತ್ತವೆ ಎಂಬ ಗರ್ವದೊಂದಿಗೆ. ಯಾಕೋಬನು ಹೋರಾಡಿದ್ದು ನಮ್ಮ ಸಿದ್ಧಾಂತ ಸರಿಯಿದ್ದರೆ ಸಾಕು ಎಂಬ ಜಡತನದೊಂದಿಗೆ. ದೇವರು ಒಬ್ಬನೇ ಎಂದು ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ ಎಂದು ಅವನು ಹೇಳುವಾಗ, ತಪ್ಪಿಲ್ಲದ ಸಿದ್ಧಾಂತವನ್ನು ಹೊಂದಿದ್ದೂ ದೇವರಿಂದ ದೂರವಿರುವುದು ಸಾಧ್ಯವೆಂಬ ಭಯಂಕರ ಸತ್ಯವನ್ನು ನಮ್ಮ ಮುಂದೆ ಇಡುತ್ತಾನೆ.

ಇನ್ನು ಅಬ್ರಹಾಮ. ಪೌಲನು ಉಲ್ಲೇಖಿಸುವುದು ಆದಿಕಾಂಡದ 15ನೇ ಅಧ್ಯಾಯವನ್ನು. ಮಕ್ಕಳಿಲ್ಲದ ಮುದುಕನನ್ನು ದೇವರು ರಾತ್ರಿ ಹೊರಗೆ ಕರೆತಂದು, ನಕ್ಷತ್ರಗಳನ್ನು ಎಣಿಸು ಎನ್ನುತ್ತಾನೆ, ಅವನು ನಂಬುತ್ತಾನೆ, ಆ ನಂಬಿಕೆ ಅವನ ಲೆಕ್ಕಕ್ಕೆ ನೀತಿಯೆಂದು ಎಣಿಸಲ್ಪಡುತ್ತದೆ. ಆಗ ಅವನಿಗೆ ಸುನ್ನತಿಯೂ ಆಗಿರಲಿಲ್ಲ, ಅದು ಬರುವುದು 17ನೇ ಅಧ್ಯಾಯದಲ್ಲಿ, ಎಂದು ಪೌಲನು ಒತ್ತಿ ಹೇಳುತ್ತಾನೆ. ಯಾಕೋಬನು ತೋರಿಸುವುದಾದರೋ 22ನೇ ಅಧ್ಯಾಯವನ್ನು, ಅಬ್ರಹಾಮನು ತನ್ನ ಮಗ ಇಸಾಕನನ್ನು ಯಜ್ಞವೇದಿಯ ಮೇಲೆ ಮಲಗಿಸಿದ ದಿನವನ್ನು. ಆ ದಿನ 15ನೇ ಅಧ್ಯಾಯದ ಮಾತು ನೆರವೇರಿತು ಎನ್ನುತ್ತಾನೆ ಅವನು, ರದ್ದಾಯಿತು ಎನ್ನುವುದಿಲ್ಲ.

ಈ ಎರಡು ಅಧ್ಯಾಯಗಳ ನಡುವೆ ಎಷ್ಟು ಕಾಲ ಕಳೆಯಿತು ಎಂಬುದನ್ನು ನಮ್ಮ ಪ್ರಸಂಗಗಳು ಸಾಮಾನ್ಯವಾಗಿ ಹೇಳುವುದಿಲ್ಲ, ಆದರೆ ನನಗೆ ಇಡೀ ಚರ್ಚೆಯ ಕೀಲು ಅಲ್ಲಿದೆ ಎನಿಸುತ್ತದೆ. ದಾಸಿಯಾದ ಹಾಗರಳಲ್ಲಿ ಇಷ್ಮಾಯೇಲನು ಹುಟ್ಟಿದಾಗ ಅಬ್ರಹಾಮನಿಗೆ 86 ವರ್ಷ, ಅಂದರೆ ನಕ್ಷತ್ರಗಳ ಆ ರಾತ್ರಿ ಅದಕ್ಕೂ ಮೊದಲಿನದು. ಇಸಾಕನು ಹುಟ್ಟಿದಾಗ ಅವನಿಗೆ 100 ವರ್ಷ. ಮೊರೀಯದ ಬೆಟ್ಟಕ್ಕೆ ಹೊರಟಾಗ ಇಸಾಕನು ಹೋಮದ ಸೌದೆಯನ್ನು ತಾನೇ ಹೊತ್ತುಕೊಂಡು ನಡೆಯುವಷ್ಟು, ಹೋಮಕ್ಕೆ ಕುರಿ ಎಲ್ಲಿ ಎಂದು ಕೇಳುವಷ್ಟು ದೊಡ್ಡವನಾಗಿದ್ದನು. ಸುಮಾರು ಎರಡು ದಶಕಗಳಾದರೂ ಕಳೆದಿರಬೇಕು. ಆ ವರ್ಷಗಳಲ್ಲಿ ನಂಬಿಕೆಯ ಪಿತೃವೆಂದು ನಾವು ಕರೆಯುವ ಈ ಮನುಷ್ಯನು ಏನೇನು ಮಾಡಿದನು? ವಾಗ್ದಾನ ತಡವಾಯಿತೆಂದು ಹೆಂಡತಿ ಸಾರಳ ಮಾತು ಕೇಳಿ ಹಾಗರಳನ್ನು ಸೇರಿದನು. ಗರ್ಭಿಣಿಯಾದ ಅವಳು ಸಾರಳ ಬಾಧೆ ತಾಳಲಾರದೆ ಅರಣ್ಯಕ್ಕೆ ಓಡಿಹೋಗುವಾಗ ತಡೆಯಲಿಲ್ಲ. 100 ವರ್ಷದವನಿಗೆ ಮಗು ಹುಟ್ಟುವುದುಂಟೇ ಎಂದು ಬೋರಲು ಬಿದ್ದು ನಕ್ಕನು. ಗೆರಾರಿನಲ್ಲಿ ಪ್ರಾಣಭಯದಿಂದ ಸಾರಳನ್ನು ತಂಗಿಯೆಂದು ಹೇಳಿಕೊಂಡು ಅಲ್ಲಿನ ಅರಸ ಅಬೀಮೆಲೆಕನ ಮನೆಗೆ ಹೋಗಗೊಟ್ಟನು, ಅದೂ ಅಂಥದ್ದೇ ಸುಳ್ಳನ್ನು ಐಗುಪ್ತದಲ್ಲಿ ಒಮ್ಮೆ ಹೇಳಿ ಸಿಕ್ಕಿಬಿದ್ದ ಮೇಲೆ.

ಆದರೂ 15ನೇ ಅಧ್ಯಾಯದ ನಿರ್ಣಯವನ್ನು ದೇವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆ ನಿರ್ಣಯ ಅವನ ನಡತೆಯ ಮೇಲೆ ನಿಂತಿದ್ದರೆ 16ನೇ ಅಧ್ಯಾಯದಲ್ಲೇ ಬಿದ್ದುಹೋಗಬೇಕಿತ್ತು. ಇದು ಪೌಲನ ಪಕ್ಷ. ಆದರೆ ಆ ನಂಬಿಕೆ ಬರಿಯ ಒಪ್ಪಿಗೆಯ ತಲೆಯಾಡಿಸುವಿಕೆಯಾಗಿದ್ದರೆ 22ನೇ ಅಧ್ಯಾಯವು ಬರುತ್ತಲೇ ಇರಲಿಲ್ಲ. ಇದು ಯಾಕೋಬನ ಪಕ್ಷ. ಬೀಳುತ್ತ ಏಳುತ್ತ ನಡೆದ ಆ ನಡುವಿನ ವರ್ಷಗಳಲ್ಲಿ, ತನ್ನನ್ನು ಬಿಟ್ಟುಕೊಡದ ದೇವರೊಂದಿಗೆ ಬದುಕಿ ಬದುಕಿ, ನಂಬಿಕೆಯು ಅವನ ಕೈಕಾಲುಗಳಿಗೆ ಇಳಿಯಿತು. ನಮ್ಮಲ್ಲಿ ಹೆಚ್ಚಿನವರು ಇರುವುದು ಈ ಎರಡು ಅಧ್ಯಾಯಗಳ ನಡುವೆ ಎಲ್ಲೋ. ಕ್ರಿಸ್ತನನ್ನು ನಂಬಿದ ಹೊಸತರಲ್ಲಿ ಒಬ್ಬ ಯುವಕನ ಮಾತಿನ ಒರಟುತನ ಹೋಗಿಲ್ಲವೆಂದು ಅವನ ನಂಬಿಕೆಯೇ ಸುಳ್ಳು ಎಂದು ತೀರ್ಪು ಕೊಡುವ ಹಿರಿಯರನ್ನು ಕಂಡಾಗ, ದೇವರು ಅಬ್ರಹಾಮನಿಗೆ ಕೊಟ್ಟಷ್ಟು ವರ್ಷಗಳನ್ನು ನೀವೂ ಇವನಿಗೆ ಕೊಡಿ ಎಂದು ಕೇಳಿಕೊಳ್ಳಬೇಕೆನಿಸುತ್ತದೆ. ಹಾಗೆಯೇ, ದಶಕಗಳಿಂದ ಸಭೆಯ ಮುಂದಿನ ಸಾಲಿನಲ್ಲಿ ಕೂತು, ತನ್ನ ಬಳಿ ದುಡಿದವರ ಕೂಲಿಯನ್ನು ಹಿಡಿದಿಟ್ಟುಕೊಳ್ಳುವವನನ್ನು ಕಂಡಾಗ, ಯಾಕೋಬನ 5ನೇ ಅಧ್ಯಾಯವನ್ನು, ಹಿಡಿದಿಟ್ಟ ಆ ಕೂಲಿಯೇ ಕೂಗುತ್ತಿದೆ ಎಂಬ ಮಾತನ್ನು, ಅವನ ಮುಂದೆ ಗಟ್ಟಿಯಾಗಿ ಓದುವ ಧೈರ್ಯ ಸಭೆಗೆ ಇರಬೇಕೆನಿಸುತ್ತದೆ.

ಸಭೆಯ ಇತಿಹಾಸದಲ್ಲಿ ಈ ಪ್ರಶ್ನೆ ಮಾಡಿದ ಗಾಯ ಸಣ್ಣದಲ್ಲ. ಮನುಷ್ಯನು ತನ್ನ ಸ್ವಂತ ಬಲದಿಂದಲೇ ನೀತಿಯಲ್ಲಿ ನಡೆಯಬಲ್ಲನೆಂಬ ಪೆಲಾಗಿಯಸನೆಂಬ ಬೋಧಕನ ಬೋಧನೆಯನ್ನು ಬಿಷಪ್ ಅಗಸ್ಟೀನನು ಎದುರಿಸಿದನು, ಕ್ರಿ.ಶ. 418ರಲ್ಲಿ ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಸೇರಿದ ಸಭೆಗಳ ಪರಿಷತ್ತು ಆ ಬೋಧನೆಯನ್ನು ತಳ್ಳಿಹಾಕಿತು. ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ, 1517ರಲ್ಲಿ, ಪಾಪದಂಡನೆಯ ವಿನಾಯಿತಿ ಪತ್ರಗಳ ಮಾರಾಟವನ್ನು ಪ್ರಶ್ನಿಸಿ ಮಾರ್ಟಿನ್ ಲೂಥರನು ತನ್ನ 95 ವಾದಗಳನ್ನು ಹೊರತಂದನು, ಪಶ್ಚಿಮದ ಸಭೆ ಇಬ್ಭಾಗವಾಯಿತು. ಲೂಥರನು 1522ರ ತನ್ನ ಹೊಸ ಒಡಂಬಡಿಕೆಯ ಮುನ್ನುಡಿಯಲ್ಲಿ ಯಾಕೋಬನ ಪತ್ರವನ್ನು, ಸತ್ವವಿಲ್ಲದ್ದೆಂಬ ಅರ್ಥದಲ್ಲಿ, ಹುಲ್ಲಿನ ಪತ್ರವೆಂದು ಕರೆದದ್ದು ಎಲ್ಲರಿಗೂ ಗೊತ್ತು. ಆದರೆ ಅದೇ ಲೂಥರನು 1520ರಲ್ಲಿ ಸತ್ಕ್ರಿಯೆಗಳ ಬಗ್ಗೆಯೇ ಒಂದು ಪುಸ್ತಕ ಬರೆದನೆಂಬುದನ್ನೂ, ನಂಬಿಕೆಯೆಂಬುದು ಜೀವಂತವಾದದ್ದು, ಎಡೆಬಿಡದೆ ಒಳ್ಳೆಯದನ್ನು ಮಾಡದಿರಲು ಅದಕ್ಕೆ ಸಾಧ್ಯವೇ ಇಲ್ಲ ಎಂದು ರೋಮಾಪುರದ ಪತ್ರಕ್ಕೆ ಬರೆದ ಮುನ್ನುಡಿಯಲ್ಲಿ ಹೇಳಿದನೆಂಬುದನ್ನೂ ನೆನಪಿಡುವವರು ಕಡಿಮೆ. ಇನ್ನೊಂದು ಕಡೆ, ಕಥೋಲಿಕ ಸಭೆಯು ಕ್ರಿಯೆಗಳಿಂದ ರಕ್ಷಣೆ ಎಂದು ಕಲಿಸುತ್ತದೆಂಬ ಮಾತು ಪ್ರೊಟೆಸ್ಟೆಂಟರ ಬಾಯಲ್ಲಿ ಸುಲಭವಾಗಿ ಬರುತ್ತದೆ. ಆದರೆ 1547ರ ಜನವರಿಯಲ್ಲಿ ಆ ಸಭೆಯ ಟ್ರೆಂಟ್ ಪರಿಷತ್ತು ಈ ವಿಷಯದಲ್ಲಿ ಹೊರಡಿಸಿದ ನಿಬಂಧನೆಗಳಲ್ಲಿ ಮೊಟ್ಟಮೊದಲನೆಯದೇ, ಕ್ರಿಸ್ತನ ಮೂಲಕ ಬರುವ ದೇವರ ಕೃಪೆಯಿಲ್ಲದೆ ತನ್ನ ಸ್ವಂತ ಕ್ರಿಯೆಗಳಿಂದ ಮನುಷ್ಯನು ನೀತಿವಂತನಾಗಬಲ್ಲನೆಂದು ಹೇಳುವವನನ್ನು ಖಂಡಿಸುತ್ತದೆ. ಎರಡೂ ಕಡೆಯವರು ಎದುರಾಳಿಯ ಅತಿ ಕೆಟ್ಟ ಬೋಧಕನನ್ನು ಆರಿಸಿಕೊಂಡು ಅವನೊಂದಿಗೆ ವಾದ ಮಾಡಿದ್ದೇ ಹೆಚ್ಚು.

1999ರ ಅಕ್ಟೋಬರ್ 31ರಂದು, ಲೂಥರನ ವಾದಗಳ ವಾರ್ಷಿಕ ದಿನದಂದೇ, ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಲೂಥರನ್ ಸಭೆಗಳ ವಿಶ್ವ ಒಕ್ಕೂಟವೂ ಕಥೋಲಿಕ ಸಭೆಯೂ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ನಮ್ಮಲ್ಲಿರುವ ಯಾವ ಅರ್ಹತೆಯ ದೆಸೆಯಿಂದಲೂ ಅಲ್ಲ, ಕೃಪೆಯಿಂದ ಮಾತ್ರ ದೇವರು ನಮ್ಮನ್ನು ಅಂಗೀಕರಿಸುತ್ತಾನೆ, ಆಗ ದೊರೆಯುವ ಪವಿತ್ರಾತ್ಮನು ನಮ್ಮನ್ನು ಸತ್ಕ್ರಿಯೆಗಳಿಗೆ ಸಿದ್ಧಪಡಿಸಿ ಕರೆಯುತ್ತಾನೆ ಎಂಬುದು ಅದರ ತಿರುಳು. 2006ರಲ್ಲಿ ಮೆಥೊಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟ ಅದಕ್ಕೆ ಸೇರಿಕೊಂಡವು. ಎಲ್ಲ ಭಿನ್ನಾಭಿಪ್ರಾಯಗಳೂ ಅಲ್ಲಿಗೆ ತೀರಲಿಲ್ಲ, ಎಲ್ಲರೂ ಅದನ್ನು ಮೆಚ್ಚಲೂ ಇಲ್ಲ. ಆದರೂ ಸುಮಾರು ಐದು ಶತಮಾನ ಒಬ್ಬರನ್ನೊಬ್ಬರು ಶಪಿಸಿದವರು ಒಂದೇ ಕಾಗದಕ್ಕೆ ಸಹಿ ಮಾಡಿದ ಆ ದಿನಕ್ಕಾಗಿ ನಾನು ದೇವರಿಗೆ ಕೃತಜ್ಞತೆ ಹೇಳುತ್ತೇನೆ. ನಮ್ಮ ಸಭೆಗಳ ಬೋಧನೆಯಲ್ಲಿ ಈ ಘೋಷಣೆಯ ಹೆಸರೂ ಕೇಳಿಬರದಿರುವುದು ದುಃಖದ ಸಂಗತಿ.

ಈ ಎಲ್ಲ ಮಾತು ಸಿದ್ಧಾಂತದಲ್ಲೇ ಉಳಿದುಬಿಡಬಾರದು. ಹಾಸಿಗೆ ಹಿಡಿದಿದ್ದ ಒಬ್ಬ ವೃದ್ಧೆಯನ್ನು ನೋಡಲು ನಾನು ಆಗಾಗ ಹೋಗುತ್ತಿದ್ದೆ. ಆರೋಗ್ಯವಾಗಿದ್ದ ಕಾಲದಲ್ಲಿ ಅವರು ಸಭೆಯಲ್ಲಿ ಮಾಡದ ಸೇವೆಯಿಲ್ಲ. ಈಗ ನೀರಿನ ಲೋಟವನ್ನೂ ಎರಡು ಕೈಯಲ್ಲಿ ಹಿಡಿಯಬೇಕಿತ್ತು, ಅರ್ಧ ನೀರು ಹೊದಿಕೆಯ ಮೇಲೆ ಚೆಲ್ಲುತ್ತಿತ್ತು. ಒಂದು ದಿನ ಅವರು, "ಈಗ ನನ್ನ ಕೈಲಿ ಏನೂ ಆಗೋದಿಲ್ಲ, ಮಗು. ದೇವರ ಮುಂದೆ ಏನು ಹಿಡ್ಕೊಂಡು ನಿಲ್ಲಲಿ?" ಎಂದು ಕೇಳಿದರು. ಅಷ್ಟು ವರ್ಷ ದುಡಿದವರ ಬಾಯಲ್ಲಿ ಆ ಪ್ರಶ್ನೆ ಕೇಳಿ ನನ್ನ ಎದೆ ಭಾರವಾಯಿತು. ಆ ಹೊತ್ತಿನಲ್ಲಿ ಅವರಿಗೆ ಯಾಕೋಬನ ಪತ್ರವನ್ನು ಓದುವುದು ಕ್ರೂರತನವಾಗುತ್ತಿತ್ತು. ರೋಮಾಪುರದ ಪತ್ರದ 4ನೇ ಅಧ್ಯಾಯವನ್ನು ತೆರೆದು, ಕೆಲಸ ಮಾಡದೆ, ಭಕ್ತಿಹೀನರನ್ನು ನೀತಿವಂತರೆಂದು ನಿರ್ಣಯಿಸುವಾತನನ್ನು ನಂಬುವವನ ಬಗ್ಗೆ ಇರುವ ಭಾಗವನ್ನು ನಿಧಾನವಾಗಿ ಓದಿದೆ. ಕಣ್ಣು ಮುಚ್ಚಿ ಕೇಳುತ್ತಿದ್ದ ಅವರು ನಡುವೆ ಕೈ ಎತ್ತಿ ನನ್ನನ್ನು ನಿಲ್ಲಿಸಿದರು. "ಆ ನರ್ಸ್ ಹುಡುಗಿ ಬೆಳಿಗ್ಗೆಯಿಂದ ನಿಂತೇ ಇದ್ದಾಳೆ. ಆ ಕುರ್ಚಿ ಸ್ವಲ್ಪ ಅವಳ ಕಡೆ ಸರಿಸು," ಎಂದರು. ನಾನು ಕುರ್ಚಿ ಸರಿಸಿ ಬಂದ ಮೇಲೆ, "ಮುಂದೆ ಓದು," ಎಂದರು.

ಏನೂ ಮಾಡಲಾಗದವರು ಎಂದು ನಾವು ಎಣಿಸುವವರಲ್ಲೂ ನಂಬಿಕೆ ಸುಮ್ಮನೆ ಕೂರುವುದಿಲ್ಲ. ಶಿಲುಬೆಯ ಮೇಲಿದ್ದ ಕಳ್ಳನನ್ನು ಕ್ರಿಯೆಗಳಿಲ್ಲದ ರಕ್ಷಣೆಗೆ ಉದಾಹರಣೆಯಾಗಿ ಕೊಡುತ್ತೇವೆ, ಅದು ಸರಿಯೇ. ಅವನಿಗೆ ದೀಕ್ಷಾಸ್ನಾನಕ್ಕೂ ದಾನಧರ್ಮಕ್ಕೂ ಸಮಯವಿರಲಿಲ್ಲ, ಕೈಕಾಲುಗಳೂ ಸ್ವಾಧೀನದಲ್ಲಿರಲಿಲ್ಲ. ಆದರೆ ನಾಲಿಗೆ ಇತ್ತು. ಯೇಸುವನ್ನು ದೂಷಿಸುತ್ತಿದ್ದ ಇನ್ನೊಬ್ಬನನ್ನು ಅವನು ಗದರಿಸಿದನು, ನಮಗಾದದ್ದು ನ್ಯಾಯವೇ ಎಂದು ತನ್ನ ತಪ್ಪನ್ನು ಒಪ್ಪಿಕೊಂಡನು, ಈತನೋ ಅಲ್ಲದ್ದೇನೂ ಮಾಡಲಿಲ್ಲ ಎಂದು ನಿರಪರಾಧಿಯ ಪರವಾಗಿ ಸಾಕ್ಷಿ ನುಡಿದನು. ಶಿಷ್ಯರು ಓಡಿಹೋಗಿದ್ದ ಹೊತ್ತಿನಲ್ಲಿ ಇದು ಸಣ್ಣ ಕೆಲಸವೇ? ಸುಂಕ ವಸೂಲಿಗಾರನಾದ ಜಕ್ಕಾಯನಿಗೆ ಸಮಯವೂ ಇತ್ತು, ಹಣವೂ ಇತ್ತು. ಅವನು ಅರ್ಧ ಆಸ್ತಿಯನ್ನು ಬಡವರಿಗೆ ಕೊಡುತ್ತೇನೆ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎಂದದ್ದು ಯೇಸು ಅವನ ಮನೆಗೆ ತಾನಾಗಿಯೇ ಬಂದ ಮೇಲೆ. ಆ ಮಾತಿಗೆ ಪ್ರತಿಫಲವಾಗಿ ಯೇಸು ಬರಲಿಲ್ಲ. ಆ ಹಣ ಹೋಗಬೇಕಾದದ್ದು ಅವನು ಸುಲಿದ ಜನರ ಮನೆಗಳಿಗೆ ಎಂಬುದನ್ನೂ ಗಮನಿಸಬೇಕು. ದೇವರಿಗೆ ನಮ್ಮಿಂದ ತುಂಬಿಕೊಳ್ಳಬೇಕಾದ ಕೊರತೆಯೇನೂ ಇಲ್ಲ, ಕೊರತೆಯಿರುವುದು ನೆರೆಯವನಿಗೆ. ನನ್ನ ಸತ್ಕ್ರಿಯೆಯನ್ನು ದೇವರ ಮೆಚ್ಚುಗೆ ಗಳಿಸಲು ಬಳಸಿದರೆ, ನೆರೆಯವನಿಗೆ ಸೇರಬೇಕಾದದ್ದನ್ನು ನನ್ನ ಹೆಸರಿಗೆ ಬರೆದುಕೊಂಡಂತಾಗುತ್ತದೆ.

ಮತ್ತಾಯನ ಸುವಾರ್ತೆಯ ಎರಡು ನ್ಯಾಯವಿಚಾರಣೆಗಳನ್ನು ಒಟ್ಟಿಗೆ ಓದುವುದು ಒಳ್ಳೆಯದು. 7ನೇ ಅಧ್ಯಾಯದಲ್ಲಿ ಕೆಲವರು, ಕರ್ತನೇ, ನಿನ್ನ ಹೆಸರಿನಲ್ಲಿ ಪ್ರವಾದನೆ ಹೇಳಿದೆವಲ್ಲವೇ, ದೆವ್ವಗಳನ್ನು ಬಿಡಿಸಿದೆವಲ್ಲವೇ ಎಂದು ಪಟ್ಟಿ ಹಿಡಿದು ಬರುತ್ತಾರೆ. ನಾನೆಂದೂ ನಿಮ್ಮ ಗುರುತು ಅರಿಯೆನು ಎಂಬ ಉತ್ತರ ಸಿಗುತ್ತದೆ. 25ನೇ ಅಧ್ಯಾಯದಲ್ಲಿ ಹಸಿದವನಿಗೆ ಊಟ ಕೊಟ್ಟವರನ್ನು, ಸೆರೆಯಲ್ಲಿದ್ದವನನ್ನು ನೋಡಲು ಹೋದವರನ್ನು ಅರಸನು ಬಲಗಡೆಗೆ ಕರೆಯುತ್ತಾನೆ, ಅವರೋ, ಸ್ವಾಮೀ, ಯಾವಾಗ ನಾವು ನಿನ್ನನ್ನು ಹಾಗೆ ಕಂಡೆವು ಎಂದು ಅಚ್ಚರಿಪಡುತ್ತಾರೆ. ಅವರು ಲೆಕ್ಕ ಇಟ್ಟಿರಲಿಲ್ಲ. ಪ್ರತಿಫಲದ ಆಸೆಗಾಗಿ ಮಾಡಿದ್ದರೆ ದಿನ, ವಾರ, ಹೆಸರು ಎಲ್ಲವೂ ನೆನಪಿನಲ್ಲಿರುತ್ತಿದ್ದವು. ಕೃಪೆಯನ್ನು ನಂಬಿದವನಿಗೆ ತನ್ನ ಲೆಕ್ಕದ ಪುಸ್ತಕ ಬೇಕಾಗುವುದಿಲ್ಲವಾದ್ದರಿಂದ ಅವನ ಕಣ್ಣು ಎದುರಿಗಿರುವವನ ಹಸಿವನ್ನು ನೋಡಲು ಬಿಡುವಾಗಿರುತ್ತದೆ. ಹಾಗೆಂದು ಕೃಪೆಯನ್ನು ಅಗ್ಗ ಮಾಡುವುದೂ ಸಲ್ಲದು. ಡೀಟ್ರಿಕ್ ಬಾನ್‌ಹಾಫರನು 1937ರಲ್ಲಿ, ನಾಜಿ ಆಳ್ವಿಕೆಯ ಜರ್ಮನಿಯಲ್ಲಿ, ಪಶ್ಚಾತ್ತಾಪವಿಲ್ಲದ ಕ್ಷಮೆಯನ್ನೂ ಶಿಲುಬೆಯಿಲ್ಲದ ಕೃಪೆಯನ್ನೂ ಹಂಚುವ ಸಭೆಯನ್ನು ಎಚ್ಚರಿಸಿ ಬರೆದನು. ಅವನು ಲೂಥರನ ಪರಂಪರೆಯ ಸಭಾಪಾಲಕ, ನಂಬಿಕೆಯಿಂದಲೇ ನೀತಿ ಎಂಬುದನ್ನು ಎಂದೂ ಬಿಟ್ಟುಕೊಟ್ಟವನಲ್ಲ. ನಂಬುವವನು ಮಾತ್ರ ವಿಧೇಯನಾಗುತ್ತಾನೆ, ವಿಧೇಯನಾಗುವವನು ಮಾತ್ರ ನಂಬುತ್ತಾನೆ ಎಂಬ ಎರಡನ್ನೂ ಅವನು ಒಂದೇ ಉಸಿರಿನಲ್ಲಿ ಹೇಳಿದನು, 1945ರ ಏಪ್ರಿಲ್ 9ರಂದು ಫ್ಲೊಸೆನ್‌ಬ್ಯುರ್ಗಿನ ಸೆರೆಶಿಬಿರದಲ್ಲಿ ಗಲ್ಲಿಗೇರಿದನು.

ಪೌಲ ಮತ್ತು ಯಾಕೋಬರ ನಡುವೆ ನಿಜವಾಗಿ ಏನು ನಡೆಯಿತೆಂಬುದಕ್ಕೆ ಪೌಲನದೇ ಸಾಕ್ಷಿಯಿದೆ. ಸಂಪ್ರದಾಯವು ಪತ್ರದ ಕರ್ತೃವೆಂದು ಹೇಳುವ ಯಾಕೋಬನು, ಕರ್ತನ ತಮ್ಮನು, ಕೇಫ ಮತ್ತು ಯೋಹಾನರೊಂದಿಗೆ ಯೆರೂಸಲೇಮಿನಲ್ಲಿ ಪೌಲ ಬಾರ್ನಬರಿಗೆ ಅನ್ಯೋನ್ಯತೆಯ ಬಲಗೈ ಕೊಟ್ಟನು. ಅವರು ಕೇಳಿಕೊಂಡದ್ದು ಒಂದೇ, ಬಡವರನ್ನು ಮರೆಯಬೇಡಿ ಎಂದು. ಅದನ್ನು ಮಾಡುವುದರಲ್ಲಿ ನಾನೂ ಆಸಕ್ತನಾಗಿದ್ದೆನು ಎನ್ನುತ್ತಾನೆ ಪೌಲ. ಅದು ಬಾಯಿಮಾತಿನ ಆಸಕ್ತಿಯಾಗಿರಲಿಲ್ಲ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಅವನು ಅನ್ಯಜನರ ಸಭೆಗಳಲ್ಲಿ ವರ್ಷಗಟ್ಟಲೆ ಹಣ ಕೂಡಿಸಿದನು. ವಾರದ ಮೊದಲನೆಯ ದಿನ ನಿಮ್ಮ ನಿಮ್ಮ ಸಂಪಾದನೆಯಿಂದ ತೆಗೆದಿಡಿ ಎಂದು ಕೊರಿಂಥದವರಿಗೆ ಸೂಚನೆ ಕೊಟ್ಟನು. ಕಡುಬಡವರಾದ ಮಕೆದೋನ್ಯದವರು ಶಕ್ತಿ ಮೀರಿ ಕೊಟ್ಟದ್ದನ್ನು ಹೇಳಿ ಅವರನ್ನು ಹುರಿದುಂಬಿಸಿದನು. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ಬೊಟ್ಟು ಮಾಡಬಾರದೆಂದು ಸಭೆಗಳು ನೇಮಿಸಿದ ಜನರನ್ನು ಜೊತೆಗೆ ಇಟ್ಟುಕೊಂಡನು. ಕ್ರಿಯೆಗಳಿಲ್ಲದೆ ನಂಬಿಕೆಯಿಂದಲೇ ಎಂದು ಬರೆದ ರೋಮಾಪುರದ ಪತ್ರದ 15ನೇ ಅಧ್ಯಾಯದಲ್ಲೇ, ಆ ಹಣವನ್ನು ತಲುಪಿಸಲು ಯೆರೂಸಲೇಮಿಗೆ ಹೊರಟಿದ್ದೇನೆ, ಅಲ್ಲಿನ ನಂಬದವರ ಕೈಯಿಂದ ನಾನು ತಪ್ಪಿಸಿಕೊಳ್ಳುವಂತೆಯೂ ಈ ಸೇವೆ ದೇವಜನರಿಗೆ ಮೆಚ್ಚಿಕೆಯಾಗುವಂತೆಯೂ ಪ್ರಾರ್ಥಿಸಿರಿ ಎಂದು ಬೇಡಿಕೊಳ್ಳುತ್ತಾನೆ.

ಕ್ರಿ.ಶ. 57ರ ಸುಮಾರಿಗೆ ನಡೆದ ಆ ಪ್ರಯಾಣದಲ್ಲಿ ಊರೂರಿಗೆ ಎಚ್ಚರಿಕೆಗಳು ಬಂದವು. ಕೈಸರೈಯದಲ್ಲಿ ಸಂಗಡಿಗರು ಹೋಗಬೇಡವೆಂದು ಅತ್ತು ಬೇಡಿಕೊಂಡರು. ಪೌಲನು ಹೋದನು, ಮರುದಿನವೇ ಯಾಕೋಬನನ್ನು ಕಂಡನು, ಕೆಲವು ದಿನಗಳಲ್ಲಿ ದೇವಾಲಯದ ಅಂಗಳದಲ್ಲಿ ಜನರ ಕೈಗೆ ಸಿಕ್ಕಿ ಹೊಡೆಸಿಕೊಂಡು ಸೆರೆಯಾದನು. ಕೈಸರೈಯದ ಸೆರೆಯಲ್ಲಿ ಎರಡು ವರ್ಷ ಕಳೆದನು, ಅಲ್ಲಿಂದ ಬೇಡಿಗಳೊಂದಿಗೇ ರೋಮಾಪುರಕ್ಕೆ ಹೋದನು. ಬಡವರಿಗೆ ಹಣ ಒಯ್ದ ದಾರಿಯಲ್ಲಿ ಅವನು ತನ್ನ ಬಿಡುಗಡೆಯನ್ನು ಕಳೆದುಕೊಂಡನು. ಆ ಹಣವನ್ನು ಯೆರೂಸಲೇಮಿನವರು ಹೇಗೆ ಸ್ವೀಕರಿಸಿದರೆಂಬುದನ್ನು ಅಪೊಸ್ತಲರ ಕೃತ್ಯಗಳಲ್ಲಿ ಲೂಕನು ಬರೆಯುವುದಿಲ್ಲ. ಅಧಿಪತಿಯಾದ ಫೇಲಿಕ್ಸನ ಮುಂದೆ ತನ್ನ ಪರವಾಗಿ ಮಾತನಾಡುವಾಗ ಪೌಲನು ಅದನ್ನು ಒಂದೇ ಒಂದು ವಾಕ್ಯದಲ್ಲಿ ಹೇಳುತ್ತಾನೆ, ಕೆಲವು ವರ್ಷಗಳ ಮೇಲೆ ನನ್ನ ಜನರಿಗೆ ಧರ್ಮದ್ರವ್ಯ ಒಪ್ಪಿಸಲು ಬಂದೆನು ಎಂದು. ಅದನ್ನು ತನ್ನ ಪುಣ್ಯವೆಂದು ವಿವರಿಸುವುದಿಲ್ಲ, ಎಷ್ಟು ಕೂಡಿಸಿದೆನೆಂದು ಹೇಳುವುದಿಲ್ಲ. ಮಾತನ್ನು ಮುಂದುವರಿಸಿ, ಸತ್ತವರ ಪುನರುತ್ಥಾನದ ವಿಷಯದಲ್ಲಿಯೇ ಈ ಹೊತ್ತು ನನ್ನ ವಿಚಾರಣೆಯಾಗುತ್ತಿದೆ ಎನ್ನುತ್ತಾನೆ.